ಚೈನು ಕೆಟ್ಟರೆ ಬ್ಯಾಗು ಎಸೆಯಬೇಡಿ



ಗೋಕುಲ ರಸ್ತೆಯ ಕಾರ್ಖಾನೆಗೆ ಒಯ್ಯುವ ಊಟದ ಚೀಲ, ಮಕ್ಕಳ ಶಾಲೆಯ ಬ್ಯಾಗು – ಚೈನು ಕೆಟ್ಟಿತಂದ್ರ 'ಬ್ಯಾಗೇ ಹೋತು' ಅಂತ ನಾವು ಹೊಸದಕ್ಕೆ ರೊಕ್ಕ ಹಾಕ್ತೀವಿ. ಬಹಳ ಸಲ ಕೆಟ್ಟಿರೋದು ರನ್ನರ್ ಮಾತ್ರ.

ಬಿಗಿಯಾಗಿದ್ದರೆ: ಜಗ್ಗಬೇಡಿ. ಹಳೆ ಬ್ರಷ್‌ನಿಂದ ಹಲ್ಲಿನ ಧೂಳು ತೆಗೆದು, ಸಾಬೂನು ನೀರಿನಿಂದ ಒರೆಸಿ, ಒಣಗಿದ ಮೇಲೆ ಮೇಣದಬತ್ತಿ ತಿಕ್ಕಿರಿ. ಎಣ್ಣೆ ಬೇಡ, ಧೂಳು ಅಂಟುತ್ತದೆ, ಬಟ್ಟೆಗೆ ಕಲೆಯಾಗುತ್ತದೆ.

ಹಾಕಿದ ಮೇಲೂ ಬಾಯಿ ಬಿಟ್ಟರೆ: ರನ್ನರ್ ಸವೆದು ಸಡಿಲಾಗಿರುತ್ತದೆ. ಅದನ್ನು ಚೈನು ಪೂರಾ ಬಿಚ್ಚಿರುವ ತುದಿಗೆ ತಂದು, ಇಕ್ಕಳದಿಂದ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಒತ್ತಿ ನೋಡಿ. ಜೋರಾಗಿ ಒತ್ತಿದರ ಮುರೀತದ.

ಅದಕ್ಕೂ ಆಗದಿದ್ದರೆ: ರನ್ನರ್ ಬದಲಿಸಿ. ಅದರ ಹಿಂಬದಿ 3, 5, 8 ಹೀಗೆ ಅಂಕಿ ಸಾಮಾನ್ಯವಾಗಿ ಇರುತ್ತದೆ. ಅದೇ ಅಂಕಿಯದು, ಲೋಹದ ಚೈನಿಗೆ ಲೋಹದ ಚೈನಿನದು, ನೈಲಾನಿಗೆ ನೈಲಾನಿನದೇ ತರಬೇಕು. ಒಂದು ತುದಿಯ ಹೊಲಿಗೆ ಬಿಚ್ಚಿ, ಎರಡೂ ಸಾಲು ಸಮ ಹಿಡಿದು ಏರಿಸಿ, ತುದಿ ಮತ್ತೆ ಹೊಲಿಯಿರಿ. ಹಲ್ಲೇ ಉದುರಿದ್ದರೆ ಚೈನನ್ನೇ ಬದಲಿಸಬೇಕು.

ಬಟ್ಟೆ ಒಗೆಯುವಾಗ ಚೈನು ಹಾಕಿಯೇ ಒಗೆಯಿರಿ. ಬ್ಯಾಗು ತುಂಬಿ ಬಿರಿಯುವಂತೆ ತುರುಕಬೇಡಿ.

ಹೊಲಿಗೆ ಬಲ್ಲವರು ಇದನ್ನೂ ಕಲಿತರೆ ಓಣಿಯಲ್ಲೇ ನಾಲ್ಕು ಕಾಸು ಗಳಿಸಬಹುದು. ಮುಂದಿನ ಸಭೆಗೆ ಕೆಟ್ಟ ಬ್ಯಾಗೊಂದು ತನ್ನಿ, ಕೂಡಿ ಮಾಡೋಣ.