ನೆಲ ಬಿಟ್ಟ ಮೇಲೆ ದಾರಿ ಒಂದೇ

1986ರಲ್ಲಿ ಜಪಾನಿನ ಕೊನಾಮಿ ಕಂಪನಿ ಹೊರತಂದ ‘ಕ್ಯಾಸಲ್‌ವೇನಿಯಾ’ ವಿಡಿಯೋ ಗೇಮ್‌ನಲ್ಲಿ ಸೈಮನ್ ಬೆಲ್ಮಾಂಟ್ ಎಂಬ ಬೇಟೆಗಾರ ಚಾವಟಿ ಹಿಡಿದು ಡ್ರಾಕುಲಾನ ಕೋಟೆ ಹೊಗುತ್ತಾನೆ. ಅವನ ಜಿಗಿತ ಕೈಬಿಟ್ಟ ಕಲ್ಲಿನ ಹಾಗೆ. ನೆಲ ಬಿಟ್ಟ ಮೇಲೆ ಎಡಕ್ಕೆ ಒತ್ತಿ, ಬಲಕ್ಕೆ ಒತ್ತಿ, ದಾರಿ ಬದಲಾಗುವುದಿಲ್ಲ. ಬಟನ್ ಮೆಲ್ಲಗೆ ತಟ್ಟಿದರೂ ಒತ್ತಿ ಹಿಡಿದರೂ ಎತ್ತರ ಅಷ್ಟೇ. ಚಾವಟಿಯೂ ಒತ್ತಿದ ತಕ್ಷಣ ಬೀಸುವುದಿಲ್ಲ. ತೋಳು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರುತ್ತದೆ. ನಿಂತು ಬೀಸಿದರೆ ಅಷ್ಟು ಹೊತ್ತು ಕಾಲು ಕದಲದು.

ಮೊದಲ ಸಲ ಆಡುವವರು ಕಂಟ್ರೋಲ್ ಸರಿಯಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

90ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್‌ಗಳು ನಮ್ಮ ಹಾಸನದ ಮನೆಗಳಿಗೆ ಬಂದಾಗ ನನ್ನ ವಾರಗೆಯವರು ಜಿಗಿಯಲು ಕಲಿತದ್ದು ಮಾರಿಯೋನಿಂದ. 1985ರ ಆ ಆಟದ ಜಾಣ್ಮೆ ಇರುವುದು ಗುರುತ್ವದ ಲೆಕ್ಕದಲ್ಲಿ: ಮೇಲೇರುವಾಗ ಬಟನ್ ಹಿಡಿದಿದ್ದರೆ ಅದು ಕಡಿಮೆ, ಬಿಟ್ಟೊಡನೆ ಹೆಚ್ಚು. ಹಾಗಾಗಿ ಗಿಡ್ಡ ನೆಗೆತ, ಎತ್ತರದ ನೆಗೆತ ಎರಡೂ ಒಂದೇ ಬಟನ್ನಿನಲ್ಲಿವೆ. ಗಾಳಿಯಲ್ಲಿದ್ದಾಗಲೂ ಅವನನ್ನು ತುಸು ಹಿಂದೆ ಮುಂದೆ ಸರಿಸಬಹುದು. ಆದರೆ ಓಡುತ್ತಿದ್ದವನು ಥಟ್ಟನೆ ನಿಲ್ಲಲಾರ, ಜಾರುತ್ತಾನೆ. ಅಲ್ಲಿನ ಕಷ್ಟವೆಲ್ಲ ವೇಗವನ್ನು ಅಳೆಯುವುದರಲ್ಲಿ. ಹೆಚ್ಚುಕಡಿಮೆ ಇದೇ ಜಿಗಿತವನ್ನಿಟ್ಟುಕೊಂಡು ನಿಂಟೆಂಡೊ ಮರುವರ್ಷ ಜಪಾನಿನಲ್ಲಿ ಎರಡನೇ ಭಾಗ ತಂದಿತು. ವಿಷದ ಅಣಬೆ, ಮೈಯನ್ನೇ ತಳ್ಳುವ ಗಾಳಿ, ಹಿಂದಿನ ಲೋಕಕ್ಕೆ ಒಯ್ಯುವ ಕೊಳವೆ! ಅದು ತೀರಾ ಕಷ್ಟವೆಂದು ಅಮೆರಿಕದವರಿಗೆ ಆಗ ಆ ಹೆಸರಿನಲ್ಲಿ ಬೇರೊಂದೇ ಆಟ ಕೊಟ್ಟರು.

ಸೈಮನ್ ಸಿಕ್ಕಿದ್ದು ನನಗೆ ಬಹಳ ತಡವಾಗಿ, 2019ರಲ್ಲಿ ಕೊನಾಮಿಯ ಹಳೆಯ ಆಟಗಳ ಸಂಗ್ರಹ ಬಂದಾಗ. ಅವನ ಬಿಗಿ ಜಿಗಿತದ ಅರ್ಥ ತಿಳಿಯುವುದು ಶತ್ರುಗಳನ್ನು ನೋಡಿದಾಗ. ಹಾರಿಬರುವ ಮೆಡೂಸಾ ತಲೆಗಳು ಅಲೆಯ ಹಾಗೆ ಏರಿಳಿಯುತ್ತವೆ. ಆ ಅಲೆಯ ಅಳತೆ ಬದಲಾಗುವುದಿಲ್ಲ. ಸೈಮನ್ನನ ದಾರಿಯೂ ಬದಲಾಗುವುದಿಲ್ಲ. ಎರಡೂ ಗೊತ್ತಿರುವುದರಿಂದ ಎಲ್ಲಿ ಸಂಧಿಸುತ್ತವೆ ಎಂದು ಜಿಗಿಯುವ ಮೊದಲೇ ಲೆಕ್ಕ ಹಾಕಬಹುದು. ಬೆರಳಿಗಿಂತ ಮುಂಚೆ ತಲೆ ಓಡಬೇಕು.

ಆಡಿದವರೆಲ್ಲ ನೆನಪಿಡುವ ಜಾಗವೆಂದರೆ ಸಾವು ಎಂಬ ಹೆಸರಿನ ಬಾಸ್‌ನ ಮುಂಚಿನ ಓಣಿ. ಕೊಡಲಿ ಎಸೆಯುವ ಕವಚಧಾರಿಗಳು ಒಂದೇ ಏಟಿಗೆ ಬೀಳುವವರಲ್ಲ. ಕೊಡಲಿ ಒಮ್ಮೆ ತಲೆಯ ಮಟ್ಟಕ್ಕೆ, ಒಮ್ಮೆ ಕಾಲಿನ ಮಟ್ಟಕ್ಕೆ ಬರುತ್ತದೆ, ಮತ್ತೆ ಹಿಂದಿರುಗುತ್ತದೆ. ಜೊತೆಗೆ ಅದೇ ತಲೆಗಳ ಹಾರಾಟ. ಸೈಮನ್ನನ ಜೀವ 16 ಗೆರೆ, ಇಲ್ಲಿ ಒಂದು ಏಟಿಗೆ 4 ಗೆರೆ ಹೋಗುತ್ತದೆ. ಪವಿತ್ರ ಜಲದ ಸೀಸೆಯಿದ್ದರೆ ಕವಚಧಾರಿಯನ್ನು ನಿಂತಲ್ಲೇ ತಡೆಹಿಡಿಯಬಹುದು. ಅದನ್ನು ಅಲ್ಲಿಯವರೆಗೆ ಕಳೆದುಕೊಳ್ಳದೆ ತರುವುದೇ ಒಂದು ವಿದ್ಯೆ. ಈ ಓಣಿ ನನ್ನನ್ನು ಸಂಜೆಗಟ್ಟಲೆ ಕೂರಿಸಿದೆ. ಒಮ್ಮೆಯೂ ಮೋಸವೆನಿಸಲಿಲ್ಲ.

ಏಟು ಬಿದ್ದಾಗ ಸೈಮನ್ ಹಿಂದಕ್ಕೆ ಎಗರಿ ಬೀಳುವ ಬಗ್ಗೆ ಮಾತ್ರ ಹಾಗೆ ಹೇಳಲಾರೆ. ಗುಂಡಿಯಂಚಿನಲ್ಲಿದ್ದರೆ ಗೆರೆಗಳೆಷ್ಟೇ ಉಳಿದಿರಲಿ, ಒಂದು ಲೈಫ್ ಹೋಯಿತು. ಅದು ಕ್ರೂರ.

ಟೆಕ್ಮೊ ಕಂಪನಿಯ ‘ನಿಂಜಾ ಗೈಡನ್’ (1988) ಇದಕ್ಕೆ ತಿರುವುಮುರುವು. ಅಲ್ಲಿನ ರ‍್ಯು ಹಗುರ, ಚುರುಕು, ಹೇಳಿದಂತೆ ಕೇಳುತ್ತಾನೆ. ಆದರೆ ಕೊಂದ ಶತ್ರು, ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದರೆ ಅದೇ ಜಾಗದಲ್ಲಿ ಹುಟ್ಟಿರುತ್ತಾನೆ. ಕೈಗೆ ಇಷ್ಟು ಒಳ್ಳೆಯ ಜಿಗಿತ ಕೊಟ್ಟು ಸ್ಟೇಜ್‌ನಲ್ಲಿ ನಂಬಿಕೆ ಮುರಿಯುವುದು ನನಗೆ ಸಹನೆಯಾಗದು.

ಈಗಿನವರು ಬೇರೆ ದಾರಿ ಹಿಡಿದಿದ್ದಾರೆ. 2018ರ ‘ಸೆಲೆಸ್ಟ್’ ತುಂಬ ಕಷ್ಟದ ಆಟ. ಆದರೂ ಅಂಚು ದಾಟಿದ ಮೇಲೆ, ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತು, ಜಿಗಿಯಲು ಬಿಡುತ್ತದೆ. ಆಟಗಾರನಿಗೆ ತಿಳಿಯುವುದೇ ಇಲ್ಲ. ಕಷ್ಟವನ್ನು ಉಳಿಸಿಕೊಂಡೇ ತೋರಿದ ಈ ಔದಾರ್ಯ ನನಗೆ ಬಹಳ ಇಷ್ಟ.

ಕೊನಾಮಿಯೂ ಸೈಮನ್ನನನ್ನು ಸಡಿಲಿಸಿತು. 1991ರ ‘ಸೂಪರ್ ಕ್ಯಾಸಲ್‌ವೇನಿಯಾ 4’ರಲ್ಲಿ ಗಾಳಿಯಲ್ಲೂ ಅವನನ್ನು ತಿರುಗಿಸಬಹುದು, ಚಾವಟಿ ಎಂಟು ದಿಕ್ಕಿಗೆ ಬೀಸುತ್ತದೆ. ಸಂಗೀತ ಅದ್ಭುತ, ಚಿತ್ರ ಸೊಗಸು. ಆದರೆ ಮೇಲಿನ ಶತ್ರುವಿಗೆಂದೇ ಸೈಮನ್ ಎಸೆಯುವ ಕೊಡಲಿಯನ್ನು ನಾನು ಅಲ್ಲಿ ಮುಟ್ಟಿದ್ದೇ ಅಪರೂಪ. ಚಾವಟಿಯೇ ಎಲ್ಲೆಡೆ ತಲುಪುವಾಗ ಅದರ ಅಗತ್ಯ ಬೀಳಲಿಲ್ಲ.