ಔಷಧಕ್ಕೆ ಒಗ್ಗಿದ್ದು ನಮ್ಮ ಮೈಯಲ್ಲ, ಕೋಳಿಯ ಕರುಳಿನ ಬ್ಯಾಕ್ಟೀರಿಯಾ

‘ಬ್ರಾಯ್ಲರ್ ಕೋಳಿಗೆ ದಿನಾ ಆ್ಯಂಟಿಬಯಾಟಿಕ್ ಕೊಡ್ತಾರೆ. ಅದನ್ನ ತಿಂದೂ ತಿಂದೂ ನಮ್ಮ ಬಾಡಿಗೆ ಅಭ್ಯಾಸ ಆಗಿಬಿಟ್ಟಿದೆ. ಅದಕ್ಕೇ ಈಗ ಯಾವ ಮಾತ್ರೆ ನುಂಗಿದರೂ ಕೆಲಸ ಮಾಡಲ್ಲ.’ ಈ ಮಾತು ಕ್ಲಿನಿಕ್ಕಿನ ಬೆಂಚಿನ ಮೇಲೆ, ಬೀಗರೂಟದ ಪಂಕ್ತಿಯಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ವಿಜ್ಞಾನ ಓದಿದವರೂ ತಲೆಯಾಡಿಸುತ್ತಾರೆ. ಕೋಳಿ ಸಾಕಣೆಯಲ್ಲಿ ಆ್ಯಂಟಿಬಯಾಟಿಕ್ ಬಳಕೆ ಇದೆ ಎಂಬುದು ನಿಜ. ಉಳಿದದ್ದು ತಪ್ಪು. ಆ ತಪ್ಪು ಜನರ ಗಮನವನ್ನು ಅಪಾಯ ಇಲ್ಲದ ಕಡೆ ತಿರುಗಿಸಿ, ಇರುವ ಕಡೆ ಮೈಮರೆಯುವಂತೆ ಮಾಡುತ್ತದೆ ಎಂಬುದೇ ನನ್ನ ಸಿಟ್ಟಿಗೆ ಕಾರಣ.

ಆ್ಯಂಟಿಬಯಾಟಿಕ್ ಹೋರಾಡುವುದು ಬ್ಯಾಕ್ಟೀರಿಯಾದ ಜೊತೆ. ಅದಕ್ಕೆ ಜಗ್ಗದಂತಾಗುವುದೂ ಬ್ಯಾಕ್ಟೀರಿಯಾವೇ. ಕೋಳಿಯ ಕರುಳಿನಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ವಾಸವಾಗಿರುತ್ತವೆ. ಕೋಳಿ ಬೇಗ ಬಲಿಯಲಿ, ರೋಗ ಬಾರದಿರಲಿ ಎಂದು ಆಹಾರದಲ್ಲೋ ನೀರಿನಲ್ಲೋ ಔಷಧ ಬೆರೆಸಿದಾಗ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದ ಕೆಲವು ಉಳಿಯುತ್ತವೆ. ಖಾಲಿಯಾದ ಜಾಗವೆಲ್ಲ ಅವುಗಳ ಸಂತಾನಕ್ಕೆ. ಸಾಲದ್ದಕ್ಕೆ, ಔಷಧವನ್ನು ಎದುರಿಸುವ ಜೀನು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು, ಬೇರೆ ಜಾತಿಯದಕ್ಕೂ ಸಹ.

ಇದನ್ನು ಅರ್ಧ ಶತಮಾನದ ಹಿಂದೆಯೇ ಅಮೆರಿಕದ ಸ್ಟೂವರ್ಟ್ ಲೇವಿ ಎಂಬ ವೈದ್ಯ ತೋರಿಸಿಕೊಟ್ಟರು. ಬಾಸ್ಟನ್ ಸಮೀಪದ ಒಂದು ತೋಟದ ಮನೆಯಲ್ಲಿ ಸುಮಾರು 300 ಕೋಳಿಗಳನ್ನು ಎರಡು ಭಾಗ ಮಾಡಿ, ಅರ್ಧಕ್ಕೆ ಮಾತ್ರ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೆರೆಸಿದ ಆಹಾರ ಹಾಕಿದರು. ಒಂದೇ ವಾರದಲ್ಲಿ ಆ ಕೋಳಿಗಳ ಇ. ಕೋಲಿ ಹೆಚ್ಚುಕಡಿಮೆ ಪೂರ್ತಿ ಔಷಧಕ್ಕೆ ಜಗ್ಗದಂತಾಯಿತು. ಐದಾರು ತಿಂಗಳಲ್ಲಿ ಕೋಳಿ ಸಾಕುತ್ತಿದ್ದ ಮನೆಯವರ ಮಲದಲ್ಲೂ ಅಂಥ ಬ್ಯಾಕ್ಟೀರಿಯಾ ನೆರೆಮನೆಯವರಿಗಿಂತ ಬಹಳ ಹೆಚ್ಚು ಕಂಡವು. ಔಷಧ ಬೆರೆತದ್ದು ಕೋಳಿಯ ಆಹಾರಕ್ಕೆ, ಮನುಷ್ಯರ ತಟ್ಟೆಗಲ್ಲ. ಈ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಮೈಗೆ ಅಭ್ಯಾಸವಾಯಿತು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು. ಜೀವಮಾನದಲ್ಲಿ ಒಂದೇ ಒಂದು ಆ್ಯಂಟಿಬಯಾಟಿಕ್ ನುಂಗದವರಿಗೂ, ಹುಟ್ಟಿ ವಾರವಾದ ಕೂಸಿಗೂ ಔಷಧಕ್ಕೆ ಜಗ್ಗದ ಸೋಂಕು ತಗಲಬಹುದು.

ತಪ್ಪು ತಿಳಿವಳಿಕೆಯ ಇನ್ನೊಂದು ಫಲ ಏನೆಂದರೆ, ಎಲ್ಲರೂ ಮಾಂಸದಲ್ಲಿ ಉಳಿದಿರುವ ಔಷಧದ ಅಂಶವನ್ನೇ ಹುಡುಕುತ್ತಾರೆ. ಹುಡುಕುವುದು ತಪ್ಪಲ್ಲ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಆ್ಯಂಟಿಬಯಾಟಿಕ್ ಸಿಕ್ಕಿತ್ತು. ಆದರೆ ಕೊಯ್ಯುವ ಕೆಲವು ದಿನ ಮೊದಲು ಔಷಧ ನಿಲ್ಲಿಸಿದರೆ ಮಾಂಸದಲ್ಲಿನ ಅಂಶ ಇಳಿದುಹೋಗುತ್ತದೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕರುಳಿನಲ್ಲಿ ಬಲಿತ ಬ್ಯಾಕ್ಟೀರಿಯಾ ಮಾತ್ರ ಆ ಕೆಲವು ದಿನಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಅವು ಮಾಂಸಕ್ಕೆ ದಾಟುವುದು ಕೊಯ್ಯುವಾಗ. ಆರೋಗ್ಯವಂತ ಹಕ್ಕಿಯ ಮಾಂಸಖಂಡದ ಒಳಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅಂಗಡಿಯಲ್ಲಿ ‘ವಿತ್ ಸ್ಕಿನ್’ ಕೇಳಿದರೆ ಕೊಯ್ದ ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ, ಒಳಗೆಲ್ಲ ರಬ್ಬರಿನ ಬೆರಳುಗಳಿರುವ ಡ್ರಮ್ಮಿಗೆ ಹಾಕಿ ತಿರುಗಿಸುತ್ತಾರೆ. ಬೆಳಗಿನಿಂದ ಅದೇ ನೀರಿನಲ್ಲಿ ಎಷ್ಟೋ ಕೋಳಿ ಅದ್ದಿರುತ್ತಾರೆ, ಅದೇ ರಬ್ಬರಿಗೆ ಎಷ್ಟೋ ಕೋಳಿಯ ಹಿಕ್ಕೆ ಮೆತ್ತಿರುತ್ತದೆ. ಹೊಟ್ಟೆ ಸೀಳುವಾಗ ಕರುಳು ಒಂದಿಷ್ಟು ಹರಿದರೂ ಸಾಕು, ಒಳಗಿದ್ದದ್ದು ಚಾಕುವಿಗೆ, ಚಾಕುವಿನಿಂದ ಮರದ ಕೊರಡಿಗೆ, ಕೊರಡಿನಿಂದ ಮುಂದಿನ ಗಿರಾಕಿಯ ಮಾಂಸಕ್ಕೆ. ನಮ್ಮ ಕಣ್ಣೆದುರೇ ಕೊಯ್ಸಿದ್ದೇವೆ, ಫ್ರೆಶ್ ಅನ್ನುವ ಸಮಾಧಾನದಿಂದ ಇದು ತಪ್ಪುವುದಿಲ್ಲ.

ಕೊಲಿಸ್ಟಿನ್ ಕತೆ ಕೇಳಿದರೆ ಇದರ ಗಂಭೀರತೆ ಅರಿವಾದೀತು. ಐಸಿಯುವಿನಲ್ಲಿ ಬೇರೆ ಔಷಧಗಳೆಲ್ಲ ಸೋತಾಗ, ಮೂತ್ರಪಿಂಡಕ್ಕೆ ಪೆಟ್ಟಾದರೂ ಚಿಂತೆಯಿಲ್ಲ, ಜೀವ ಉಳಿಯಲಿ ಎಂದು ಕೊಡುವ ಔಷಧ ಅದು. ಅದನ್ನೇ ಹಂದಿ, ಕೋಳಿಗಳ ಮೇವಿಗೆ ಸುರಿಯುತ್ತಿದ್ದರು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಜಗ್ಗದ ಎಂಸಿಆರ್-1 ಎಂಬ ಜೀನನ್ನು ಪ್ಲಾಸ್ಮಿಡ್ ಮೇಲೆ ಕಂಡದ್ದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ ಇ. ಕೋಲಿಯಲ್ಲಿ ಪ್ರಾಣಿಗಳಿಂದ ತೆಗೆದವುಗಳ ಪೈಕಿ ಶೇ 21ರಲ್ಲಿ, ಹಸಿ ಮಾಂಸದಿಂದ ತೆಗೆದವುಗಳ ಪೈಕಿ ಶೇ 15ರಲ್ಲಿ ಅದು ಇತ್ತು. ಆಸ್ಪತ್ರೆಯ ರೋಗಿಗಳ ಮಾದರಿಗಳಲ್ಲಿ ಶೇ 1ರಷ್ಟು. ಜೀನು ಯಾವ ಕಡೆಯಿಂದ ಯಾವ ಕಡೆಗೆ ಹೊರಟಿದೆ ಎಂಬುದನ್ನು ಈ ಅಂಕಿಗಳೇ ಸೂಚಿಸುತ್ತವೆ. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಸರಿಯಾದ ಕೆಲಸ, ತಡವಾಗಿ ಆಯಿತು.

ಹಾಗಾದರೆ ಕೋಳಿ ಬಿಡಬೇಕೇ ಎಂದು ಕೇಳುವವರಿಗೆ ಹೇಳುತ್ತೇನೆ: ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಜಗ್ಗುತ್ತದೆ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ನಮ್ಮ ಕೋಳಿಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲಿ. ಅಪಾಯ ಇರುವುದು ಸಾರು ಒಲೆಗೇರುವ ಮುಂಚೆ. ಕಪ್ಪು ಪ್ಲಾಸ್ಟಿಕ್ ಕವರಿನಿಂದ ತೆಗೆದ ಕೋಳಿಗೆ ಅರಿಶಿನ, ಉಪ್ಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದು ಉಜ್ಜುತ್ತೇವೆ. ಹನಿಗಳು ಸಿಂಕಿನ ಪಕ್ಕದ ಲೋಟಕ್ಕೆ, ಬುಟ್ಟಿಯಲ್ಲಿಟ್ಟ ಕೊತ್ತಂಬರಿ ಸೊಪ್ಪಿಗೆ ಸಿಡಿಯುತ್ತವೆ. ಅದೇ ಕೈಯಲ್ಲಿ ನಲ್ಲಿ ತಿರುಗಿಸುತ್ತೇವೆ, ಅದೇ ಈಳಿಗೆಮಣೆಯಲ್ಲಿ ನೆಂಚಿಕೊಳ್ಳಲು ಈರುಳ್ಳಿ, ಸೌತೆಕಾಯಿ ಹೆಚ್ಚುತ್ತೇವೆ. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ಹೀಗೆ ಹೊಟ್ಟೆ ಸೇರಿದ ಇ. ಕೋಲಿ ಕೂಡಲೇ ಕಾಯಿಲೆ ತರದಿರಬಹುದು. ಸದ್ದಿಲ್ಲದೆ ಕರುಳಿನಲ್ಲಿ ಬೀಡುಬಿಟ್ಟು, ತಿಂಗಳುಗಳ ಮೇಲೆ ಮೂತ್ರದ ಸೋಂಕಾಗಿ ಕಾಣಿಸಿಕೊಂಡಾಗ ವೈದ್ಯರು ಬರೆದ ಮೊದಲ ಮಾತ್ರೆ ನಾಟದಿರಬಹುದು.

ನಾಟಿ ಕೋಳಿಗೆ ಈ ಕಾಟವಿಲ್ಲ ಎನ್ನುತ್ತಾರೆ. ತಿಪ್ಪೆ, ಚರಂಡಿ ಕೆದಕುವ ಕೋಳಿಯ ಕರುಳಲ್ಲೂ ಇದೇ ಬ್ಯಾಕ್ಟೀರಿಯಾ. ಫ್ರಿಜ್ಜಿನಲ್ಲಿಟ್ಟರೆ ಸಾಯುತ್ತವೆ ಎಂಬುದೂ ಸುಳ್ಳು, ಬೆಳೆಯುವುದು ನಿಧಾನವಾಗುತ್ತದೆ ಅಷ್ಟೆ. ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬುದಕ್ಕೆ ಆಧಾರವಿಲ್ಲ, ಆರು ವಾರದಲ್ಲಿ ಎರಡು ಕೆಜಿ ತೂಗುವುದು ದಶಕಗಳ ತಳಿ ಆಯ್ಕೆ ಮತ್ತು ಮೇವಿನ ಫಲ. ಸಸ್ಯಾಹಾರಿಗಳಿಗೆ ಸಂಬಂಧವಿಲ್ಲ ಎಂಬುದಂತೂ ದೊಡ್ಡ ಭ್ರಮೆ. ಕೋಳಿಗೊಬ್ಬರ ಬೀಳುವುದು ತರಕಾರಿ ಹೊಲಕ್ಕೆ.

ನನಗೆ ಬೇಸರ ತರಿಸುವುದು ನಾವು ನಂಬುವ ಬಗೆ. ಕೆಂಪಕ್ಷರದ ಒಂದು ಫಾರ್ವರ್ಡ್ ಬಂದರೆ ಸಾಕು, ಯಾರು ಬರೆದರು, ಹೇಗೆ ಗೊತ್ತಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಕೋಳಿಯಲ್ಲಿ ಔಷಧ ಇದೆಯೆಂದು ಗಾಬರಿಯಾಗುವ ಅದೇ ಮನುಷ್ಯ ನೆಗಡಿಯಾದರೆ ಮೆಡಿಕಲ್ ಶಾಪಿಗೆ ಹೋಗಿ, ಚೀಟಿಯಿಲ್ಲದೆ ಎರಡು ಅಜಿತ್ರೋಮೈಸಿನ್ ಕೊಳ್ಳುತ್ತಾನೆ. ನೆಗಡಿ ವೈರಸ್ಸಿನಿಂದ ಬರುವುದು, ಆ ಮಾತ್ರೆ ಅದನ್ನು ಮುಟ್ಟುವುದೇ ಇಲ್ಲ. ಕೋಳಿ ಫಾರಮ್ಮಿನಲ್ಲಿ ನಡೆಯುವುದನ್ನೇ ಅವನು ತನ್ನ ಕರುಳಿನಲ್ಲಿ ನಡೆಸುತ್ತಿದ್ದಾನೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಸೊಪ್ಪು, ಈರುಳ್ಳಿ, ಸೌತೆಕಾಯಿ ಮೊದಲು ಹೆಚ್ಚಿ ಮುಚ್ಚಿಡಿ, ಕೋಳಿಯನ್ನು ಕೊನೆಗೆ ಮುಟ್ಟಿ. ತೊಳೆಯಲೇಬೇಕೆನ್ನಿಸಿದರೆ ನಲ್ಲಿ ಬಿಡದೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಕೈ, ಮಣೆ, ಸಿಂಕು, ನಲ್ಲಿಯ ತಿರುಪನ್ನು ಸೋಪು ಹಾಕಿ ತೊಳೆಯಿರಿ. ವೈದ್ಯರು ಬರೆಯದ ಆ್ಯಂಟಿಬಯಾಟಿಕ್ ಅನ್ನು ಕೊಳ್ಳಬೇಡಿ.