ಬ್ಯಾಟರಿ ವೈರ್ ಬಿಚ್ಚಿದರೆ ಕಾರಿನ ವಾರ್ನಿಂಗ್ ಲೈಟ್ ಆರುತ್ತದೆ, ದೋಷವೂ ಹೋಗುತ್ತದೆಯೇ?

‘ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ವಾರ್ನಿಂಗ್ ಲೈಟ್ ಬಂತಾ? ಗ್ಯಾರೇಜಿಗೆ ಹೋಗಿ ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, 15 ನಿಮಿಷ ಬಿಟ್ಟು ಹಾಕಿ. ಲೈಟ್ ಮಾಯ! ಎಲ್ಲ ಗ್ರೂಪ್‌ಗಳಿಗೂ ಕಳಿಸಿ.’

ಈ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಹೆಸರಘಟ್ಟದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ‘ಇದು ನಿಜವಾ? ನಾನು ಎರಡು ಸಲ ಹೀಗೆ ಮಾಡಿದೆ. ಎರಡು ಸಲವೂ ಲೈಟ್ ಹೋಯಿತು, ಎರಡೇ ದಿನಕ್ಕೆ ಮತ್ತೆ ಬಂತು’ ಎಂದು ಕೇಳಿದ್ದಾರೆ. ಅವರ ಕಾರು ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಮಳೆ ಬಂದ ಮಾರನೆಯ ದಿನ ಎಬಿಎಸ್ ಲೈಟ್ ಹತ್ತಿಕೊಳ್ಳುತ್ತಿತ್ತು. ಮೂರನೆಯ ಸಲ ಅವರು ಗ್ಯಾರೇಜಿಗೆ ಹೋದಾಗ ‘ಎಬಿಎಸ್ ಯೂನಿಟ್ಟೇ ಬದಲಿಸಬೇಕು’ ಎಂದು ಹೇಳಿ ದೊಡ್ಡ ಮೊತ್ತದ ಅಂದಾಜು ಕೊಟ್ಟರಂತೆ.

ಚುಟುಕಾಗಿ ಹೇಳುವುದಾದರೆ, ಈ ಉಪಾಯದಿಂದ ಲೈಟ್ ಕೆಲವೊಮ್ಮೆ ಆರುವುದು ನಿಜ. ದೋಷ ಹೋಗುವುದಿಲ್ಲ. ಅದನ್ನು ಹುಡುಕಲು ಬೇಕಾದ ಸಾಕ್ಷಿ ಮಾತ್ರ ಹೋಗಬಹುದು. ಏಕೆ ಎಂದು ನೋಡೋಣ.

ಕಾರಿನೊಳಗೆ ನಡೆಯುವ ಮಾತುಕತೆ

ಇಂದಿನ ಕಾರಿನಲ್ಲಿ ಒಂದಲ್ಲ, ಹಲವು ಪುಟ್ಟ ಕಂಪ್ಯೂಟರ್‌ಗಳಿವೆ. ಎಂಜಿನ್‌ಗೆ ಒಂದು, ಬ್ರೇಕಿನ ಎಬಿಎಸ್‌ಗೆ ಒಂದು, ಏರ್‌ಬ್ಯಾಗ್‌ಗೆ ಒಂದು, ಸ್ಟೀರಿಂಗ್‌ಗೆ ಒಂದು. ಇವುಗಳನ್ನು ಇಸಿಯು ಎನ್ನುತ್ತಾರೆ. ಒಂದೊಂದಕ್ಕೂ ಮತ್ತೊಂದರಿಂದ ಮಾಹಿತಿ ಬೇಕು. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಎಬಿಎಸ್ ಹೇಳಿದರೆ ಅದು ಸ್ಪೀಡೋಮೀಟರ್‌ಗೂ ಬೇಕು, ಸ್ಟೀರಿಂಗ್‌ಗೂ ಬೇಕು.

ಪ್ರತಿಯೊಂದಕ್ಕೂ ಬೇರೆ ಬೇರೆ ವೈರ್ ಎಳೆದರೆ ಕಾರಿನ ತುಂಬ ವೈರೇ ಆದೀತು. ಇದಕ್ಕೆ ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ‘ಕ್ಯಾನ್’ ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟಿತು. ಬೆಂಗಳೂರಿಗೆ ಈ ಕಂಪನಿ ಹೊಸದೇನಲ್ಲ. ನಾವೆಲ್ಲ ‘ಮೈಕೋ’ ಎಂದು ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ ಅದರದ್ದೇ ಆಗಿತ್ತು. 2008ರಲ್ಲಿ ಮೈಕೋ ಹೆಸರು ಬಾಷ್ ಎಂದು ಬದಲಾಯಿತು.

ಕ್ಯಾನ್ ವ್ಯವಸ್ಥೆಯಲ್ಲಿ ಎಲ್ಲ ಇಸಿಯುಗಳೂ ಒಂದಕ್ಕೊಂದು ಹೆಣೆದುಕೊಂಡ ಎರಡೇ ವೈರ್‌ಗಳಿಗೆ ಅಂಟಿಕೊಂಡಿರುತ್ತವೆ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ, ಊರಿನ ಸಭೆಯ ಹಾಗೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಹೆಚ್ಚು ತುರ್ತಿನ ಮಾತಿಗೆ ಮೊದಲ ಅವಕಾಶ, ಮತ್ತೊಬ್ಬರು ಸುಮ್ಮನಾಗಿ ಕಾಯುತ್ತಾರೆ.

ತಪ್ಪು ಮಾಡಿದವರೇ ಸುಮ್ಮನಾಗುವ ಸಭೆ

ಈ ಸಭೆಗೆ ಒಂದು ಒಳ್ಳೆಯ ನಿಯಮವಿದೆ. ಹೇಳಿದ ಮಾತು ಕೆಟ್ಟು ಕೇಳಿಸಿದರೆ, ಗಮನಿಸಿದ ಯಾವ ಇಸಿಯು ಬೇಕಾದರೂ ಕೂಡಲೇ ‘ತಪ್ಪು’ ಎಂದು ತಡೆಯುತ್ತದೆ. ಹೇಳಿದವರು ಮತ್ತೆ ಹೇಳಬೇಕು. ಪ್ರತಿ ಇಸಿಯು ತನ್ನ ತಪ್ಪಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಕಳಿಸಿದ ಮಾತು ಕೆಟ್ಟರೆ ಸಾಮಾನ್ಯವಾಗಿ 8 ಅಂಕ ಏರುತ್ತದೆ, ಸರಿಯಾಗಿ ಹೋದರೆ 1 ಅಂಕ ಇಳಿಯುತ್ತದೆ. ಲೆಕ್ಕ 127 ದಾಟಿದರೆ ಅದು ಬೇರೆಯವರ ಮಾತನ್ನು ತಡೆಯುವ ಹಕ್ಕು ಕಳೆದುಕೊಳ್ಳುತ್ತದೆ. 255 ದಾಟಿದರೆ ಸಭೆಯಿಂದಲೇ ಹೊರನಡೆಯುತ್ತದೆ. ಒಬ್ಬರು ಕೆಟ್ಟರೆ ಇಡೀ ಕಾರು ಮೂಕವಾಗಬಾರದು ಎಂಬುದೇ ಇದರ ಉದ್ದೇಶ.

ಹೀಗೆ ಒಬ್ಬರ ದನಿ ನಿಂತಾಗ ಉಳಿದವರು ಕಾದು ನೋಡಿ, ‘ಇವರ ಮಾತು ಕೇಳಿಸುತ್ತಿಲ್ಲ’ ಎಂದು ತಮ್ಮ ನೆನಪಿನಲ್ಲಿ ಒಂದು ಕೋಡ್ ಬರೆದಿಡುತ್ತಾರೆ. ನಿಮಗೆ ಕಾಣುವ ಲೈಟ್ ಆ ಕೋಡಿನ ಹೊರಗಿನ ಗುರುತು.

ಕೋಡ್ ಎಂದರೆ ದೂರು, ತೀರ್ಪಲ್ಲ

ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಸಾಕೆಟ್. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಕಡ್ಡಾಯವಾಯಿತು. ಇಲ್ಲಿಗೆ ಸ್ಕ್ಯಾನರ್ ಚುಚ್ಚಿದರೆ ಕೋಡ್‌ಗಳನ್ನು ಓದಬಹುದು. ಕೋಡ್ ‘ಪಿ’ಯಿಂದ ಶುರುವಾದರೆ ಎಂಜಿನ್ ಮತ್ತು ಗೇರ್, ‘ಸಿ’ ಆದರೆ ಬ್ರೇಕ್, ಸ್ಟೀರಿಂಗ್‌ನಂಥವು, ‘ಬಿ’ ಆದರೆ ಬಾಡಿ, ‘ಯು’ ಆದರೆ ಇಸಿಯುಗಳ ನಡುವಿನ ಮಾತುಕತೆ.

ಹೆಸರಘಟ್ಟದ ಕಾರಿನಲ್ಲಿ ಸಿಕ್ಕಿದ್ದು ‘ಯು 0121’. ಇದರ ಅರ್ಥ ‘ಎಬಿಎಸ್ ಇಸಿಯು ಜೊತೆ ಸಂಪರ್ಕ ತಪ್ಪಿದೆ’ ಎಂದಷ್ಟೆ. ‘ಎಬಿಎಸ್ ಕೆಟ್ಟಿದೆ’ ಎಂದಲ್ಲ. ನೀವು ಗೆಳೆಯನಿಗೆ ಫೋನ್ ಮಾಡಿದಾಗ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಬಂದರೆ ಅವನ ಫೋನ್ ಒಡೆದಿದೆ ಎಂದು ಹೊಸದು ಕೊಂಡು ಕಳಿಸುತ್ತೀರಾ? ಚಾರ್ಜ್ ಇಲ್ಲದಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು. ಇಲ್ಲಿಯೂ ಹಾಗೆಯೇ. ಫ್ಯೂಸ್ ಹೋಗಿರಬಹುದು, ಅರ್ತ್ ವೈರ್ ಸಡಿಲವಾಗಿರಬಹುದು, ಕನೆಕ್ಟರಿಗೆ ನೀರು ಇಳಿದಿರಬಹುದು, ಇಲಿ ವೈರ್ ಕಡಿದಿರಬಹುದು, ಬ್ಯಾಟರಿಯೇ ಸೊರಗಿರಬಹುದು. ಇವೆಲ್ಲ ನೋಡಿದ ಮೇಲೆ ಉಳಿಯುವ ಕೊನೆಯ ಅನುಮಾನ, ಎಬಿಎಸ್ ಯೂನಿಟ್.

ಹಾಗಾದರೆ ಲೈಟ್ ಏಕೆ ಆರಿತು?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಹಳೆಯ ಹಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದರೆ ಕೋಡ್ ಅಳಿದುಹೋಗುತ್ತದೆ. ಎಂಜಿನ್‌ಗೆ ಸಂಬಂಧಿಸಿದ ಹಲವು ದೋಷಗಳಿಗೆ ಲೈಟ್ ಮತ್ತೆ ಬರಬೇಕಾದರೆ ಅದೇ ದೋಷ ಒಂದಾದ ಮೇಲೊಂದು ಎರಡು ಓಡಾಟಗಳಲ್ಲಿ ಕಾಣಿಸಬೇಕು. ಆ ಒಂದೆರಡು ದಿನದಲ್ಲೇ ನಾವು ‘ಸರಿಹೋಯ್ತು’ ಎಂದು ಹತ್ತು ಗ್ರೂಪಿಗೆ ಕಳಿಸಿರುತ್ತೇವೆ! ಲೈಟ್ ಮರಳಿ ಬಂದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಎರಡನೆಯದು, ಬಂದು ಹೋಗುವ ದೋಷ. ಕನೆಕ್ಟರ್ ಒದ್ದೆಯಾದಾಗ ಮಾತು ನಿಲ್ಲುತ್ತದೆ, ಒಣಗಿದಾಗ ಮರಳುತ್ತದೆ. ಬ್ಯಾಟರಿ ಬಿಚ್ಚದಿದ್ದರೂ ಲೈಟ್ ಆರುತ್ತಿತ್ತು.

ಹೊಸ ಗಾಡಿಗಳಲ್ಲಿ ಬ್ಯಾಟರಿ ತೆಗೆದರೂ ಎಷ್ಟೋ ಕೋಡ್‌ಗಳು ಉಳಿಯುತ್ತವೆ. ಗಡಿಯಾರದ ಸಮಯ, ಕಿಟಕಿಯ ಆಟೋ ಸೆಟ್ಟಿಂಗ್, ಎಂಜಿನ್ ಕಲಿತುಕೊಂಡ ಲೆಕ್ಕಾಚಾರ ಮಾತ್ರ ಹೋಗಬಹುದು. ಇನ್ನು ಕೋಡ್ ಅಳಿದರೆ ಅದರ ಜೊತೆಗೆ ಉಳಿಸಿಟ್ಟ ವಿವರವೂ ಹೋಗುತ್ತದೆ. ದೋಷ ಬಂದಾಗ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂಬ ಮಾಹಿತಿ ಮೆಕ್ಯಾನಿಕ್‌ಗೆ ಬೇಕಾದ ಸುಳಿವು.

ಕೊನೆಗೆ ಸಿಕ್ಕಿದ್ದೇನು?

ಓದುಗರು ಯೂನಿಟ್ ಬದಲಿಸುವ ಮೊದಲು ಮತ್ತೊಬ್ಬ ಮೆಕ್ಯಾನಿಕ್ ಬಳಿ ಹೋದರು. ಅವರು ಸ್ಕ್ಯಾನರ್ ಜೊತೆಗೆ ಮಲ್ಟಿಮೀಟರನ್ನೂ ಹಿಡಿದರು. ಕ್ಯಾನ್ ವೈರ್‌ಗಳ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಹಾಗಾಗಿ ಬ್ಯಾಟರಿ ಬಿಚ್ಚಿ, ಎರಡು ವೈರ್‌ಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ವೈರ್ ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಸಿಗುತ್ತಿಲ್ಲ ಎಂದರ್ಥ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. (ಒಬಿಡಿ ಸಾಕೆಟ್‌ನಲ್ಲಿ ಈ ವೈರ್‌ಗಳು 6 ಮತ್ತು 14ನೇ ಪಿನ್‌ಗೆ ಬರುತ್ತವೆ. ಆದರೆ ಕೆಲವು ಕಾರುಗಳಲ್ಲಿ ನಡುವೆ ಬೇರೊಂದು ಇಸಿಯು ಇರುವುದರಿಂದ ಅಲ್ಲಿ ಅಳತೆ ಬೇರೆ ಬರಬಹುದು.)

ಇವರ ಕಾರಿನಲ್ಲಿ ಅಳತೆ ಒಮ್ಮೆ 60, ವೈರ್ ಅಲುಗಾಡಿಸಿದರೆ 120 ತೋರಿಸಿತು. ವೈರ್ ಹಿಡಿದು ಹುಡುಕುತ್ತಾ ಹೋದಾಗ ಬಾನೆಟ್ ಒಳಗೆ ಇಲಿ ಕಡಿದ ಜಾಗ ಸಿಕ್ಕಿತು. ಅಲ್ಲಿ ತಾಮ್ರ ಹಸಿರುಗಟ್ಟಿತ್ತು. ಅಷ್ಟು ವೈರ್ ಬದಲಿಸಿ ಮುಚ್ಚಿದ ಮೇಲೆ, ಮಳೆಯಲ್ಲೂ ಲೈಟ್ ಬಂದಿಲ್ಲ.

ಲೈಟ್ ಬಂದರೆ ನೀವೇನು ಮಾಡಬೇಕು?

- ಆಯಿಲ್, ಎಂಜಿನ್ ಬಿಸಿ ಅಥವಾ ಬ್ರೇಕಿನ ಕೆಂಪು ಲೈಟ್ ಬಂದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ.
- ಎಬಿಎಸ್‌ನ ಹಳದಿ ಲೈಟ್ ಒಂದೇ ಇದ್ದರೆ ಸಾಮಾನ್ಯವಾಗಿ ಬ್ರೇಕ್ ಹಿಡಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಜಾರಬಹುದು. ನಿಧಾನವಾಗಿ ಓಡಿಸಿ, ಬೇಗ ತೋರಿಸಿ. ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದರೆ ಓಡಿಸಲೇಬೇಡಿ.
- ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮುಂದೆ ಓಡಿಸಬೇಡಿ. ಸ್ಥಿರವಾಗಿ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಿ.
- ಲೈಟಿನ ಫೋಟೊ ತೆಗೆದಿಡಿ. ಮಳೆ ಬಂದಿತ್ತಾ, ಹಳ್ಳಕ್ಕೆ ಇಳಿಸಿದ್ದಿರಾ, ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸಿದ್ದಿರಾ ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿ.
- ಕೋಡ್ ಅಳಿಸುವ ಮೊದಲು ಬರೆದುಕೊಡಲು ಕೇಳಿ. ದುಬಾರಿ ಯೂನಿಟ್ ಬದಲಿಸಬೇಕು ಎಂದರೆ ‘ಫ್ಯೂಸ್, ಅರ್ತ್, ಕನೆಕ್ಟರ್, ವೈರ್ ನೋಡಿದ್ರಾ?’ ಎಂದು ಒಂದು ಮಾತು ಕೇಳಿ.

ಮೊದಲು ಬಂದ ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ. ಲೈಟ್ ಆರಿಸುವುದು ಸುಲಭ. ಆದರೆ ಮಳೆಗಾಲದಲ್ಲಿ ಹೆಸರಘಟ್ಟ ಮುಖ್ಯರಸ್ತೆಯಲ್ಲಿ ಎದುರಿಗೆ ಲಾರಿ ಬಂದಾಗ ನಮ್ಮನ್ನು ಕಾಯುವುದು ಆರಿದ ಲೈಟ್ ಅಲ್ಲ, ಸರಿಯಾಗಿ ಕೆಲಸ ಮಾಡುವ ಬ್ರೇಕ್.